ಗ್ಯಾರೇಜ್ ಬಾಗಿಲಿನ ಕಣ್ಣಿಗೆ ಏನು ಕಾಣುತ್ತೆ, ಏನು ಕಾಣಲ್ಲ

ಅಪ್ಪ ಹಾಸನದಿಂದ ಮೊದಲ ಸಲ ನಮ್ಮ ಮನೆಗೆ ಬಂದಾಗ ಟೆಕ್ಸಸ್‌ನಲ್ಲಿ ಉರಿಬೇಸಿಗೆ. ನಮ್ಮ ಮನೆಯ ಮುಖ ಪಶ್ಚಿಮಕ್ಕೆ. ಸಂಜೆಯ ಬಿಸಿಲು ನೇರವಾಗಿ ಗ್ಯಾರೇಜಿನೊಳಗೆ ಬೀಳುತ್ತಿತ್ತು. ಅಪ್ಪ ವಾಕಿಂಗ್ ಮುಗಿಸಿ ಬಂದು ಒಳಗಿನ ಗೋಡೆಯ ಬಟನ್ ಒತ್ತುತ್ತಿದ್ದರು. ಬಾಗಿಲು ಒಂದಡಿ ಇಳಿದು ಮತ್ತೆ ಮೇಲೆ ಹೋಗುತ್ತಿತ್ತು. ಮೇಲಿನ ಲೈಟು ಪಕಪಕ ಮಿಂಚುತ್ತಿತ್ತು. ಎರಡು ದಿನ ಸಹಿಸಿಕೊಂಡರು. ಮೂರನೇ ದಿನ ಉಪಾಯ ಸಿಕ್ಕಿತು. ಬಟನ್ ಒತ್ತಿ ಹಾಗೇ ಹಿಡಿದುಕೊಂಡರೆ ಬಾಗಿಲು ಪೂರ್ತಿ ಮುಚ್ಚುತ್ತೆ! "ನಿನ್ನ ಬಾಗಿಲಿಗೆ ಸ್ವಲ್ಪ ಗದರಬೇಕು ಕಣೋ, ಆಗ ಮಾತು ಕೇಳುತ್ತೆ" ಅಂದರು.

ಒಂದು ಸಂಜೆ ಅವರು ಹಾಗೆ ಗದರಿಕೊಂಡು ನಿಂತಿದ್ದಾಗ ನನ್ನ ಐದು ವರ್ಷದ ಮಗಳು ಹೊರಗಿನಿಂದ ಸೈಕಲ್ ತುಳಿದುಕೊಂಡು ಒಳಗೆ ಬರುತ್ತಿದ್ದಳು. ಅಡುಗೆಮನೆ ಕಡೆಯ ಬಾಗಿಲಲ್ಲಿದ್ದ ನಾನು ಕಿರುಚಿದೆ. ಅಪ್ಪ ಗಾಬರಿಯಾಗಿ ಕೈ ತೆಗೆದರು. ಬಾಗಿಲು ನಿಂತು, ಮೇಲಕ್ಕೆ ಹೋಯಿತು. ಏನೂ ಆಗಲಿಲ್ಲ. ಮಗಳಿಗೆ ತಾನೇನು ತಪ್ಪು ಮಾಡಿದೆ ಅಂತಲೇ ಗೊತ್ತಾಗಲಿಲ್ಲ, ಅತ್ತಳು.

ಆ ರಾತ್ರಿ ಕೂತು ಓಪನರ್‌ನ, ಅಂದರೆ ಬಾಗಿಲನ್ನು ಏರಿಸಿ ಇಳಿಸುವ ಮೋಟಾರು ಯಂತ್ರದ, ಮ್ಯಾನ್ಯುಯಲ್ ಓದಿದೆ. ಐದು ವರ್ಷದಿಂದ ಆ ಮನೆಯಲ್ಲಿದ್ದರೂ ಅದನ್ನು ಒಂದು ಸಲವೂ ತೆರೆದಿರಲಿಲ್ಲ. ಅಪ್ಪ ಕಂಡುಹಿಡಿದದ್ದು ಅದರಲ್ಲೇ ಇತ್ತು. ಗೋಡೆಯ ಬಟನ್ ಒತ್ತಿ ಹಿಡಿದರೆ, ಬಾಗಿಲಿಗೆ ಅಡ್ಡ ಏನಾದರೂ ಇದೆಯಾ ಅಂತ ನೋಡುವ ಕೆಳಗಿನ ಸೆನ್ಸರ್ ಏನೇ ಹೇಳಿದರೂ ಬಾಗಿಲು ಇಳಿಯುತ್ತೆ. ಬಟನ್ ಹಿಡಿದವರು ಬಾಗಿಲನ್ನೇ ನೋಡುತ್ತಾ ನಿಂತಿರುತ್ತಾರೆ, ಅಪಾಯ ಕಂಡರೆ ಕೈ ಬಿಡುತ್ತಾರೆ ಅನ್ನುವುದು ಅದರ ಲೆಕ್ಕ. ಅಪ್ಪ ನೋಡುತ್ತಿದ್ದದ್ದು ಮಿಂಚುವ ಲೈಟನ್ನು.

ಇಲ್ಲಿ ಮನೆ ತಗೊಳ್ಳುವಾಗ ನಾವು ಸ್ಕೂಲ್ ರೇಟಿಂಗ್ ನೋಡುತ್ತೇವೆ, ವಾಸ್ತು ನೋಡುತ್ತೇವೆ, ಒಗ್ಗರಣೆ ಹಾಕಿದರೆ ಹೊಗೆ ಎಲ್ಲಿ ಹೋಗುತ್ತೆ ಅಂತ ನೋಡುತ್ತೇವೆ. ದಿನಕ್ಕೆ ಐದಾರು ಸಲ ಮಕ್ಕಳ ತಲೆ ಮೇಲೆ ಓಡಾಡುವ ದೊಡ್ಡ ಯಂತ್ರವನ್ನು ಮಾತ್ರ ನೋಡುವುದಿಲ್ಲ. ಯಾರಾದರೂ ಕೇಳಿದರೆ "ಸೆನ್ಸರ್ ಇದೆಯಲ್ಲ" ಅನ್ನುತ್ತೇವೆ. ಈ ಬರಹ ಆ ಎರಡು ಪದದ ಬಗ್ಗೆ.

ಭಾರ ಎಲ್ಲಿ ಅಡಗಿದೆ

ಎರಡು ಕಾರಿನ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ. ಸ್ಟೀಲಿನದಾದರೆ ಸುಮಾರು 70ರಿಂದ 100 ಕೆಜಿ ತೂಗುತ್ತೆ. ಮರದ್ದಾದರೆ ಇನ್ನೂ ಜಾಸ್ತಿ. ಅಂದರೆ ಹೆಚ್ಚುಕಡಿಮೆ 50 ಕೆಜಿಯ ಎರಡು ಅಕ್ಕಿಮೂಟೆ ತಲೆ ಮೇಲೆ ನೇತಾಡುತ್ತಿದೆ ಅಂದುಕೊಳ್ಳಿ. ಆದರೆ ಮೋಟಾರಿನಿಂದ ಬಿಡಿಸಿ ಕೈಯಲ್ಲಿ ಎತ್ತಿದರೆ ಹತ್ತು ವರ್ಷದ ಹುಡುಗನೂ ಎತ್ತಬಲ್ಲ. ಹಾಗಾದರೆ ಆ ಭಾರ ಎಲ್ಲಿ ಹೋಯಿತು?

ಹಳ್ಳಿಯಲ್ಲಿ ಏತ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಒಂದು ತುದಿಗೆ ನೀರಿನ ಬಕೆಟ್, ಇನ್ನೊಂದು ತುದಿಗೆ ಕಲ್ಲು. ಕಲ್ಲಿನ ಭಾರ ನೀರಿನ ಭಾರವನ್ನು ಸರಿದೂಗಿಸುತ್ತೆ, ಮನುಷ್ಯ ಸುಮ್ನೆ ಅತ್ತಿತ್ತ ಮಾಡಿದರೆ ಸಾಕು. ಗ್ಯಾರೇಜಿನಲ್ಲಿ ಆ ಕಲ್ಲಿನ ಕೆಲಸ ಮಾಡುವುದು ಸ್ಪ್ರಿಂಗು. ಬಾಗಿಲಿನ ನೆತ್ತಿಯ ಮೇಲೆ, ಒಳಗೋಡೆಗೆ ಅಡ್ಡಲಾಗಿ ಒಂದು ಕಬ್ಬಿಣದ ರಾಡು, ಅದರ ಸುತ್ತ ದಪ್ಪ ಸ್ಪ್ರಿಂಗು ಕಾಣುತ್ತಲ್ಲ, ಅದೇ ಟಾರ್ಷನ್ ಸ್ಪ್ರಿಂಗ್. ಬಾಗಿಲು ಇಳಿದಾಗ ಅದು ಬಿಗಿಯಾಗಿ ಸುತ್ತಿಕೊಳ್ಳುತ್ತೆ. ಏರುವಾಗ ಬಿಚ್ಚಿಕೊಳ್ಳುತ್ತಾ ಎರಡು ಪಕ್ಕದ ಕೇಬಲ್ ಎಳೆದು ಬಾಗಿಲನ್ನು ಎತ್ತುತ್ತೆ. ಮೇಲೆ ಗುರ್ ಅನ್ನುವ ಮೋಟಾರು ಏತದ ಆಳಿನ ಹಾಗೆ, ಸುಮ್ನೆ ತಳ್ಳುತ್ತೆ ಅಷ್ಟೇ. ಸದ್ದು ಅದರದು, ದುಡಿಮೆ ಸ್ಪ್ರಿಂಗಿನದು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಭಾರ ಮಾಯವಾಗಿಲ್ಲ, ಸ್ಪ್ರಿಂಗಿನೊಳಗೆ ಸೇರಿಕೊಂಡಿದೆ. ಸ್ಪ್ರಿಂಗಿಗೆ ಆಯಸ್ಸು ಇದೆ. ಮಾಮೂಲಿ ಸ್ಪ್ರಿಂಗನ್ನು ಸುಮಾರು 10,000 ಸಲ ಏರಿಳಿಯುವುದಕ್ಕೆ ಅಂತ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ನಮ್ಮ ಮನೆಗಳಲ್ಲಿ ಮುಂಬಾಗಿಲು ತೆರೆಯುವುದು ಸತ್ಯನಾರಾಯಣ ಪೂಜೆಗೆ ಮಾತ್ರ ಅಲ್ವಾ? ಸ್ಕೂಲು, ಆಫೀಸು, ದಿನಸಿ, ಭರತನಾಟ್ಯ ಕ್ಲಾಸು, ಕಸದ ಡಬ್ಬ ಎಲ್ಲಕ್ಕೂ ಗ್ಯಾರೇಜೇ ದಾರಿ. ದಿನಕ್ಕೆ ಏಳು ಸಲ ಆದರೆ ನಾಲ್ಕು ವರ್ಷಕ್ಕೇ 10,000 ದಾಟುತ್ತೆ.

ಸ್ಪ್ರಿಂಗ್ ಮುರಿದರೆ ಮನೆಯೊಳಗೆ ಲಕ್ಷ್ಮಿ ಪಟಾಕಿ ಹೊಡೆದ ಹಾಗೆ ಸದ್ದಾಗುತ್ತೆ. ನಮ್ಮ ಮನೆಯಲ್ಲಿ ಒಂದು ಬೆಳಗ್ಗೆ ಹಾಗಾಯಿತು. ಕಾರು ಗುದ್ದಿತು ಅಂದುಕೊಂಡು ಓಡಿದೆ. ನೋಡಿದರೆ ಸ್ಪ್ರಿಂಗಿನ ನಡುವೆ ಎರಡು ಬೆರಳಿನಷ್ಟು ಸಂದು, ಅಷ್ಟೇ. ಬಾಗಿಲು ಮುಚ್ಚಿತ್ತು, ಪುಣ್ಯ. ಆಗ ಅದನ್ನು ಎತ್ತಲು ನೋಡಿದೆ. ಒಂದಿಂಚೂ ಅಲ್ಲಾಡಲಿಲ್ಲ. ಅಷ್ಟು ದಿನ ಹಗುರಾಗಿದ್ದ ಬಾಗಿಲಿನ ನಿಜವಾದ ತೂಕ ಗೊತ್ತಾದದ್ದು ಆವತ್ತೇ.

ಹಾಗೆ ಸದ್ದು ಕೇಳಿದರೆ, ಸಂದು ಕಂಡರೆ ರಿಮೋಟ್ ಮುಟ್ಟಬೇಡಿ. ಮಕ್ಕಳನ್ನು ಗ್ಯಾರೇಜಿಗೆ ಬಿಡಬೇಡಿ. ಅದನ್ನು ಬದಲಾಯಿಸುವ ಕೆಲಸ ಗೊತ್ತಿರುವವರನ್ನು ಕರೆಸಿ. ಯೂಟ್ಯೂಬ್ ನೋಡಿ ನಲ್ಲಿ ರಿಪೇರಿ ಮಾಡಿದ್ದೀನಿ, ಡ್ರೈಯರ್ ಬಿಚ್ಚಿದ್ದೀನಿ, ಇದೇನು ಮಹಾ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಕೈ ಜಾರಿದರೆ ಕಬ್ಬಿಣದ ಸರಳು ಮುಖಕ್ಕೆ ತಿರುಗುತ್ತೆ. ಬಾಗಿಲಿನ ಕೆಳಮೂಲೆಗಳಲ್ಲಿ ಕೇಬಲ್ ಸಿಕ್ಕಿಸಿರುವ ಬ್ರಾಕೆಟ್ ಕೂಡ ಅದೇ ಬಿಗಿತದಲ್ಲಿರುತ್ತೆ. ಕೆಲವು ಕಂಪನಿಗಳು ಅದರ ಬೋಲ್ಟಿಗೆ ಕೆಂಪು ಬಣ್ಣ ಬಳಿದಿರುವುದು ಚೆಂದಕ್ಕಲ್ಲ. ಹಳೆಯ ಮನೆಗಳಲ್ಲಿ ಸ್ಪ್ರಿಂಗು ಮೇಲೆ ಅಡ್ಡಲಾಗಿರದೆ ಎರಡು ಪಕ್ಕದ ಟ್ರ್ಯಾಕಿನ ಉದ್ದಕ್ಕೂ ಇರಬಹುದು. ಹಾಗಿದ್ದರೆ ಒಂದು ನೋಡಿ: ಸ್ಪ್ರಿಂಗಿನ ಒಳಗಿನಿಂದ ತೆಳ್ಳಗಿನ ಉಕ್ಕಿನ ಕೇಬಲ್ ಹಾದುಹೋಗಿರಬೇಕು. ಮುರಿದ ತುಂಡು ಚಾಟಿಯ ಹಾಗೆ ಹಾರದಂತೆ ಅದು ಹಿಡಿದಿಡುತ್ತೆ.

ಎರಡು ಸೆಕೆಂಡಿನ ಕಾನೂನು

ಮೇಲಕ್ಕೆ ಎತ್ತುವ ಗ್ಯಾರೇಜ್ ಬಾಗಿಲನ್ನು ಸಿ.ಜಿ. ಜಾನ್ಸನ್ ಅನ್ನುವವರು ಅಮೆರಿಕದಲ್ಲಿ 1921ರಲ್ಲಿ ಮಾಡಿದರು. 1926ರಲ್ಲಿ ಅದಕ್ಕೆ ಮೋಟಾರು ಸೇರಿಸಿದರು. ಮಕ್ಕಳು ಅದರಡಿ ಸಿಕ್ಕಿಕೊಳ್ಳದಂತೆ ಕಾನೂನು ಬಂದದ್ದು 1990ರಲ್ಲಿ. ಮೋಟಾರು ಬಂದು 64 ವರ್ಷ ಆದ ಮೇಲೆ.

ಆ ನಡುವೆ ಆದದ್ದನ್ನು ಇಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ, ತನ್ನ ಎಚ್ಚರಿಕೆಯ ಹಾಳೆಯಲ್ಲಿ ಹೇಳಿದೆ. 1982ರ ಮಾರ್ಚಿನಿಂದ ಆಚೆಗೆ, 2ರಿಂದ 14 ವರ್ಷದೊಳಗಿನ ಸುಮಾರು 60 ಮಕ್ಕಳು ಮೋಟಾರಿನ ಗ್ಯಾರೇಜ್ ಬಾಗಿಲಿನಡಿ ಸಿಕ್ಕಿ ಸತ್ತರು. ಹಳೆಯ ಕೆಲವು ಓಪನರ್‌ಗಳು ಏನಾದರೂ ತಗುಲಿದರೆ ನಿಲ್ಲುತ್ತಿದ್ದವು, ಆದರೆ ವಾಪಸ್ ಮೇಲೆ ಹೋಗುತ್ತಿರಲಿಲ್ಲ. ಬಾಗಿಲು ಎದೆಯ ಮೇಲೆ ಕೂತು ಅಲ್ಲೇ ನಿಂತರೆ ಮಗುವಿಗೆ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಮೂಳೆ ಮುರಿಯಬೇಕೆಂದೇನಿಲ್ಲ, ರಕ್ತ ಬರಬೇಕೆಂದೂ ಇಲ್ಲ. ಕೂಗಲೂ ಉಸಿರು ಬೇಕಲ್ಲ. ಹಾಗಾಗಿ ಪಕ್ಕದ ರೂಮಿನಲ್ಲಿದ್ದವರಿಗೂ ಗೊತ್ತಾಗುವುದಿಲ್ಲ.

1990ರ ಕಾನೂನು ಎರಡು ಹೆಜ್ಜೆಯಲ್ಲಿ ಬಂತು. 1991ರ ಜನವರಿ 1ರಿಂದ ತಯಾರಾದ ಮನೆಬಳಕೆಯ ಓಪನರ್‌ಗಳು ಏನಾದರೂ ತಗುಲಿದ ಎರಡು ಸೆಕೆಂಡಿನೊಳಗೆ ವಾಪಸ್ ಮೇಲೆ ಹೋಗಲೇಬೇಕು. 1993ರ ಜನವರಿ 1ರಿಂದ ತಯಾರಾದವುಗಳಿಗೆ ಇನ್ನೊಂದು ಕಾವಲೂ ಬೇಕು, ತಗುಲುವ ಮೊದಲೇ ನೋಡುವ ಕಣ್ಣು ಅಥವಾ ಬಾಗಿಲಿನ ಅಂಚಿಗೆ ಮುಟ್ಟಿದರೆ ತಿಳಿಯುವ ಪಟ್ಟಿ. ಹೆಚ್ಚಿನ ಮನೆಗಳಲ್ಲಿ ಇರುವುದು ಕಣ್ಣೇ. ಬಾಗಿಲಿನ ಎರಡು ಪಕ್ಕ, ನೆಲದ ಹತ್ತಿರ ಎದುರುಬದುರು ಇರುವ ಬೆಂಕಿಪೊಟ್ಟಣದಂಥ ಎರಡು ಡಬ್ಬಿಗಳು.

ನಿಮ್ಮದು ಹಳೆಯ ಬಾಡಿಗೆ ಮನೆ, ಆ ಡಬ್ಬಿಗಳೂ ಇಲ್ಲ, ಅಂಚಿನ ಪಟ್ಟಿಯೂ ಇಲ್ಲ ಅಂದರೆ ಓಪನರ್ 1993ಕ್ಕಿಂತ ಹಳೆಯದಿರಬಹುದು, ಇಲ್ಲವೇ ಯಾರೋ ಕಿತ್ತಿರಬಹುದು. ಎರಡರಲ್ಲಿ ಯಾವುದಾದರೂ ಮಕ್ಕಳಿರುವ ಮನೆಗೆ ಅದು ಬೇಡ. ಮಾಲೀಕರಿಗೆ ಫೋನ್ ಮಾಡಬೇಡಿ, ಇಮೇಲ್ ಬರೆಯಿರಿ. ಬರೆದದ್ದಕ್ಕೆ ಬೆಲೆ ಬೇರೆ. ಅದು ಬದಲಾಗುವ ತನಕ ಮೋಟಾರನ್ನು ಪ್ಲಗ್‌ನಿಂದ ತೆಗೆದು, ಸ್ಪ್ರಿಂಗು ಚೆನ್ನಾಗಿದೆ ಅಂತ ನೋಡಿಕೊಂಡು, ಕೈಯಲ್ಲಿ ತೆಗೆದು ಮುಚ್ಚಿ.

ಕಣ್ಣಲ್ಲ, ಒಂದು ದಾರ

ಈಗ ಅಸಲಿ ವಿಷಯ. ಆ ಎರಡು ಡಬ್ಬಿಗಳ ನಡುವೆ ಹೋಗುವುದು ಕಣ್ಣಿಗೆ ಕಾಣದ ಒಂದು ಬೆಳಕಿನ ಗೆರೆ. ಒಂದು ಕಳಿಸುತ್ತೆ, ಇನ್ನೊಂದು ಹಿಡಿಯುತ್ತೆ. ನಡುವೆ ಏನಾದರೂ ಬಂದು ಗೆರೆ ತುಂಡಾದರೆ ಇಳಿಯುತ್ತಿರುವ ಬಾಗಿಲು ವಾಪಸ್ ಹೋಗುತ್ತೆ. ಗೆರೆ ನೆಲದಿಂದ 6 ಇಂಚಿಗಿಂತ ಮೇಲಿರಬಾರದು ಅಂತ ನಿಯಮ. ಅಂಬೆಗಾಲಿಡುವ ಮಗು, ನೆಲದ ಮೇಲೆ ಮಲಗಿ ಆಡುವ ಮಗು ಸಿಗಬೇಕು ಅಂತ ಅಷ್ಟು ಕೆಳಗೆ.

ನಾವು ಅದನ್ನು ಕಣ್ಣು ಅಂತ ಕರೆದು ಮೋಸ ಹೋಗುತ್ತೇವೆ. ಅದು ನೆಲದಿಂದ ಆರಿಂಚು ಎತ್ತರದಲ್ಲಿ ಕಟ್ಟಿದ ಒಂದು ದಾರ, ಅಷ್ಟೇ. ದಾರಕ್ಕೆ ತಗುಲಿದ್ದು ಮಾತ್ರ ಗೊತ್ತಾಗುತ್ತೆ. ದಾರದ ಮೇಲೆ ಏನಿದೆ, ಎರಡು ಇಂಚು ಹಿಂದೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ.

ಅಪ್ಪನ ಘಟನೆ ಆದ ವಾರ ಮಗಳ 16 ಇಂಚಿನ ಸೈಕಲ್ ತಂದು ಒಂದು ಪರೀಕ್ಷೆ ಮಾಡಿದೆ. ಮುಂದಿನ ಚಕ್ರ ದಾರದ ಆಚೆ, ಪೆಡಲ್ ಈಚೆ ಇರುವ ಹಾಗೆ ನಿಲ್ಲಿಸಿದೆ. ಬಿಸಿಲಿನ ತೊಂದರೆ ಇಲ್ಲದ ಬೆಳಗಿನ ಹೊತ್ತು. ಮಗಳನ್ನು ಅಪ್ಪನ ಜೊತೆ ಒಳಗೆ ಕೂರಿಸಿ ಬಟನ್ ಒತ್ತಿದೆ. ಬಾಗಿಲು ಧೈರ್ಯವಾಗಿ ಇಳಿದು ಬಂತು. ದಾರಕ್ಕೆ ಅಡ್ಡ ಏನೂ ಇಲ್ಲವಲ್ಲ, ಚಕ್ರಕ್ಕೂ ಪೆಡಲಿಗೂ ನಡುವಿನ ಖಾಲಿ ಜಾಗದಲ್ಲಿ ಅದು ಸಲೀಸಾಗಿ ಹಾದುಹೋಗಿತ್ತು. ಬಾಗಿಲು ಹ್ಯಾಂಡಲ್‌ಗೆ ಬಡಿದು, ಒಮ್ಮೆ ಅದುಮಿ, ಆಮೇಲೆ ವಾಪಸ್ ಹೋಯಿತು. ಸೈಕಲ್ ಮೇಲೆ ಮಗು ಕೂತಿದ್ದರೆ ಹ್ಯಾಂಡಲ್‌ಗಿಂತ ಮೊದಲು ಸಿಗುತ್ತಿದ್ದದ್ದು ತಲೆ.

ಕಾರಿನ ಕಥೆಯೂ ಹೀಗೇ. ಡಿಕ್ಕಿ ಬಾಗಿಲಿನಡಿ ಉಳಿದಿರುವ ಹಾಗೆ ನಿಲ್ಲಿಸಿದರೆ ದಾರ ಎಷ್ಟೋ ಸಲ ಬಂಪರ್ ಕೆಳಗೇ ಹಾದುಹೋಗುತ್ತೆ. ಗೆರೆಗೆ ಅಡ್ಡವಾಗದಂತೆ ಬಾಗಿಲಿನ ಅಂಚಿಗೆ ಕೈ ಚಾಚಿದ ಮಗುವೂ ಅದಕ್ಕೆ ಕಾಣುವುದಿಲ್ಲ.

ಹಾಗಾಗಿ ಸೈಕಲನ್ನು, ಮುಂದೆ ಆ ತಲೆಯನ್ನು, ಕಾಯುವುದು ಎರಡನೇ ಕಾವಲು. ತಗುಲಿದ ಮೇಲೆ ವಾಪಸ್ ಹೋಗುವ ಗುಣ. ಇದಕ್ಕೆ ಕಣ್ಣಿಲ್ಲ, ಸ್ಪರ್ಶ ಮಾತ್ರ. ಇಳಿಯುವಾಗ ಅಡ್ಡಿ ಎಷ್ಟು ಬಲವಾಗಿದೆ ಅಂತ ಮೋಟಾರು ಅಳೆಯುತ್ತೆ. ಇಷ್ಟಕ್ಕಿಂತ ಜಾಸ್ತಿ ಆದರೆ ವಾಪಸ್. ಈ 'ಇಷ್ಟು' ಎಷ್ಟು ಅನ್ನುವುದನ್ನು ಹೊಸ ಓಪನರ್‌ಗಳು ತಾವೇ ಕಲಿಯುತ್ತವೆ. ಹಳೆಯವುಗಳಲ್ಲಿ ಮೋಟಾರಿನ ಬೆನ್ನಿಗೆ ಎರಡು ಸ್ಕ್ರೂ ಅಥವಾ ತಿರುಗಣೆ ಇರುತ್ತೆ, ಏರುವ ಬಲಕ್ಕೊಂದು, ಇಳಿಯುವ ಬಲಕ್ಕೊಂದು.

ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ. ಷಿಕಾಗೋ, ಮಿನೆಸೋಟ ಕಡೆ ಚಳಿಗಾಲದಲ್ಲಿ ಗ್ರೀಸ್ ಗಟ್ಟಿಯಾಗುತ್ತೆ, ಬಾಗಿಲು ಬಿಗಿಯಾಗುತ್ತೆ. ಮೋಟಾರಿಗೆ ಅದೇ ಅಡ್ಡಿ ಅನ್ನಿಸಿ ಅರ್ಧದಾರಿಯಲ್ಲಿ ವಾಪಸ್ ಹೋಗುತ್ತೆ. ಮೈನಸ್ ಹದಿನೈದರಲ್ಲಿ ಆಫೀಸಿಗೆ ಹೊರಟವರಿಗೆ ತಾಳ್ಮೆ ಎಲ್ಲಿರುತ್ತೆ? ಸ್ಕ್ರೂಡ್ರೈವರ್ ತಗೊಂಡು ಇಳಿಯುವ ಬಲವನ್ನು ಅರ್ಧ ಸುತ್ತು ಜಾಸ್ತಿ ಮಾಡುತ್ತಾರೆ. ಬಾಗಿಲು ಮುಚ್ಚುತ್ತೆ. ಯುಗಾದಿ ಬರುತ್ತೆ, ಗ್ರೀಸ್ ಕರಗುತ್ತೆ, ಸ್ಕ್ರೂ ಮಾತ್ರ ಅಲ್ಲೇ ಇರುತ್ತೆ. ಈಗ ಆ ಬಾಗಿಲು ಮಗುವಿನ ಮೈಯನ್ನು ಅಡ್ಡಿ ಅಂತ ಲೆಕ್ಕಕ್ಕೇ ತಗೊಳ್ಳದಿರಬಹುದು. ಮಾಡಬೇಕಾದದ್ದು ಬೇರೆ: ಟ್ರ್ಯಾಕ್ ಒರೆಸಿ, ರೋಲರ್ ಮತ್ತು ಕೀಲುಗಳಿಗೆ ಗ್ಯಾರೇಜ್ ಬಾಗಿಲಿಗೆ ಅಂತಲೇ ಸಿಗುವ ಸ್ಪ್ರೇ ಹಾಕಿ, ಸ್ಪ್ರಿಂಗು ಸೋತಿದೆಯಾ ಅಂತ ನೋಡುವುದು.

ಕಣ್ಣಿನ ಕಡೆಗೂ ಇಂಥದ್ದೇ ಜಾಣತನ ನಡೆಯುತ್ತೆ. ಪರಿಚಯದವರೊಬ್ಬರ ಮನೆಯಲ್ಲಿ ನೋಡಿದೆ. ಎರಡೂ ಡಬ್ಬಿಗಳನ್ನು ಗೋಡೆಯಿಂದ ಬಿಚ್ಚಿ, ಎದುರುಬದುರು ಇಟ್ಟು ಟೇಪ್ ಸುತ್ತಿ ಸಜ್ಜೆಯ ಮೇಲೆ ಇಟ್ಟಿದ್ದರು. ಒಂದರ ಬೆಳಕು ಇನ್ನೊಂದಕ್ಕೆ ಸದಾ ಬೀಳುತ್ತಿದೆ, ಓಪನರ್‌ಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತೆ. "ಪದೇಪದೇ ವಾಪಸ್ ಹೋಗ್ತಿತ್ತು, ಈಗ ನೋಡಿ ಆರಾಮ" ಅಂದರು. ಅವರ ಮೊಮ್ಮಗ ಅಲ್ಲೇ ಕೆಳಗೆ ಆಡುತ್ತಿದ್ದ.

ಕಣ್ಣು ತೊಂದರೆ ಕೊಟ್ಟರೆ ಅದಕ್ಕೆ ಸಾಮಾನ್ಯವಾಗಿ ಸಣ್ಣ ಕಾರಣವಿರುತ್ತೆ. ಜೇಡರ ಬಲೆ, ಧೂಳು, ಒಣಗಿದ ಎಲೆ. ಕಸದ ಡಬ್ಬ ತಗುಲಿ ಡಬ್ಬಿ ಅತ್ತ ತಿರುಗಿರುತ್ತೆ. ಎರಡರ ಮೇಲೂ ಸಣ್ಣ ದೀಪ ಇರುತ್ತೆ. ಎರಡೂ ಮಿಣುಕದೆ ಉರಿದರೆ ನೇರವಾಗಿವೆ ಅಂತ ಅರ್ಥ. ಬಿಸಿಲು ಬಿದ್ದು ಕುರುಡಾಗುವುದು ನಮ್ಮ ಮನೆಯ ಕಾಯಿಲೆ. ಹಿಡಿಯುವ ಡಬ್ಬಿಗೆ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆಯನ್ನು ಗಿಡ್ಡ ಕತ್ತರಿಸಿ ಟೋಪಿಯ ಹಾಗೆ ಸಿಕ್ಕಿಸಿದೆ. ಅಪ್ಪನ ಗದರಿಕೆ ನಿಂತಿತು.

ಬೆರಳು ಸಿಕ್ಕುವ ಜಾಗ

ಬಾಗಿಲಿನಡಿ ಸಿಕ್ಕುವುದು ಭಯಂಕರ, ಆದರೆ ಬೆರಳು ಸಿಕ್ಕುವುದು ಸುಲಭ. ಬಾಗಿಲು ಒಂದೇ ಹಲಗೆಯಲ್ಲ, ನಾಲ್ಕೈದು ಅಡ್ಡಪಟ್ಟಿಗಳನ್ನು ಕೀಲಿನಿಂದ ಸೇರಿಸಿದ್ದು. ಮೇಲೆ ತಿರುವಿನಲ್ಲಿ ಬಾಗುವಾಗ ಎರಡು ಪಟ್ಟಿಗಳ ನಡುವೆ ಸಂದು ತೆರೆಯುತ್ತೆ, ನೇರವಾದಾಗ ಅಡಕತ್ತರಿಯ ಹಾಗೆ ಮುಚ್ಚುತ್ತೆ. ಮಕ್ಕಳಿಗೆ ಆ ಸಂದು ಬೆರಳಿಡುವುದಕ್ಕೇ ಮಾಡಿದ ಹಾಗೆ ಕಾಣುತ್ತೆ. ದೊಡ್ಡವರೂ ಕರೆಂಟ್ ಹೋದಾಗ ಬಾಗಿಲನ್ನು ಕೈಯಲ್ಲಿ ಎಳೆಯುವಾಗ ಅದೇ ಸಂದನ್ನು ಹಿಡಿಯುತ್ತಾರೆ. ಕಣ್ಣಾಗಲಿ, ಸ್ಪರ್ಶವಾಗಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೊಸ ಬಾಗಿಲು ಹಾಕಿಸುವುದಾದರೆ ಬೆರಳು ಒಳಗೆ ಹೋಗದಂತೆ ಸಂದಿಯ ಅಂಚು ದುಂಡಾಗಿ ಮಾಡಿದ ಪ್ಯಾನೆಲ್‌ಗಳು ಸಿಗುತ್ತವೆ, ಕೇಳಿ ಪಡೆಯಿರಿ. ಹಳೆಯ ಬಾಗಿಲಿಗೆ ಒಳಗೊಂದು ಹೊರಗೊಂದು ಹಿಡಿಕೆ ಹಾಕಿಸಿ, ಎಳೆಯುವುದು ಹಿಡಿಕೆಯಿಂದ ಮಾತ್ರ. ಆದರೆ ಹಿಡಿಕೆ ಕಂಡರೆ ಮಕ್ಕಳು ಜೋತುಬೀಳುತ್ತಾರೆ. ಏರುವ ಬಾಗಿಲಿಗೆ ಜೋತುಬಿದ್ದು ಮೇಲೆ ಹೋಗುವುದು ಅವರಿಗೆ ಜಾತ್ರೆಯ ತೊಟ್ಟಿಲು. ಕಣ್ಣು ಕಾಯುವುದು ಇಳಿಯುವ ಬಾಗಿಲನ್ನು, ಏರುವುದನ್ನಲ್ಲ.

ಇನ್ನೊಂದು ಆಟ ಓಟ. ಏಳಡಿಯ ಬಾಗಿಲು ಇಳಿಯಲು ಹನ್ನೆರಡು ಸೆಕೆಂಡಿನ ಆಸುಪಾಸು ಬೇಕು. ಒಬ್ಬ ಬಟನ್ ಒತ್ತುತ್ತಾನೆ, ಇನ್ನೊಬ್ಬ ಮುಚ್ಚುವುದರೊಳಗೆ ಬಗ್ಗಿ ಹೊರಗೆ ಓಡುತ್ತಾನೆ. ನಿಜ ಹೇಳಬೇಕೆಂದರೆ ಈ ಆಟ ಮಕ್ಕಳು ಕಲಿಯುವುದು ನಮ್ಮಿಂದ. ಬೆಳಗ್ಗೆ ಬಟನ್ ಒತ್ತಿ, ಲಂಚ್ ಡಬ್ಬ ಹಿಡಿದು, ದಾರ ದಾಟುವಾಗ ಕಾಲೆತ್ತಿ ಹಾರಿ ಓಡುವವರು ಯಾರು? ನಾನಂತೂ ಹಾಗೇ ಮಾಡುತ್ತಿದ್ದೆ. ಮಗಳು ನನ್ನನ್ನು ಥೇಟ್ ಅನುಕರಿಸಿ ತೋರಿಸಿದ ಮೇಲೆ ಬಿಟ್ಟೆ.

ತಿಂಗಳ ಮೊದಲ ಭಾನುವಾರ

ಸಿಪಿಎಸ್‌ಸಿ ಬಾಗಿಲನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ಅನ್ನುತ್ತೆ. ನಮ್ಮ ಮನೆಯಲ್ಲಿ ಅದು ಮೊದಲ ಭಾನುವಾರ, ದೋಸೆ ಆದ ಮೇಲೆ. ಹತ್ತು ನಿಮಿಷದ ಕೆಲಸ.

ಮೊದಲು ಕಣ್ಣು. ಬಾಗಿಲು ಇಳಿಯಲು ಬಿಟ್ಟು, ಒಳಗೆ ನಿಂತು ಪೊರಕೆಯ ಹಿಡಿಯನ್ನು ದಾರಕ್ಕೆ ಅಡ್ಡ ಹಿಡಿಯುತ್ತೇನೆ. ತಕ್ಷಣ ವಾಪಸ್ ಹೋಗಬೇಕು. ಕಾಲು ಅಡ್ಡ ಇಡುವವರನ್ನು ನೋಡಿದ್ದೇನೆ, ಪೊರಕೆ ಇರುವಾಗ ಕಾಲು ಯಾಕೆ?

ಆಮೇಲೆ ಸ್ಪರ್ಶ. ಇಲ್ಲಿನ ಮರದಂಗಡಿಯಲ್ಲಿ 'ಟೂ ಬೈ ಫೋರ್' ಅಂತ ಸಿಗುವ ಮರದ ತುಂಡನ್ನು ಬಾಗಿಲಿನ ನಡುಮಧ್ಯ ನೆಲದ ಮೇಲೆ ಅಡ್ಡಡ್ಡ ಮಲಗಿಸಿ ಇಡಬೇಕು. ಹಾಗಿಟ್ಟರೆ ಅದರ ಎತ್ತರ ಒಂದೂವರೆ ಇಂಚು. ದಾರಕ್ಕಿಂತ ಕೆಳಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅದೇ ಬೇಕಾದದ್ದು. ಬಾಗಿಲು ಇಳಿದು ಮರಕ್ಕೆ ತಗುಲಿದ ಎರಡು ಸೆಕೆಂಡಿನೊಳಗೆ ವಾಪಸ್ ಹೊರಡಬೇಕು. ಮರದ ಮೇಲೆ ಕೂತು ಸುಮ್ಮನಾದರೆ, ಅಥವಾ ಅದುಮುತ್ತಾ ಗೊಣಗಿದರೆ, ಆ ಓಪನರ್ ಅವತ್ತಿನಿಂದ ಬಂದ್. ರಿಪೇರಿ ಆಗುವ ತನಕ ಪ್ಲಗ್ ತೆಗೆಯಿರಿ.

ಕೊನೆಗೆ ಸ್ಪ್ರಿಂಗು. ಬಾಗಿಲು ಪೂರ್ತಿ ಮುಚ್ಚಿರುವಾಗ, ಮುಚ್ಚಿರುವಾಗ ಮಾತ್ರ, ಮೋಟಾರಿನ ಹಳಿಯಿಂದ ನೇತಾಡುವ ಕೆಂಪು ಹಿಡಿಯ ಹಗ್ಗ ಎಳೆದರೆ ಬಾಗಿಲು ಮೋಟಾರಿನಿಂದ ಬಿಡುಗಡೆ ಆಗುತ್ತೆ. ಕೈಯಲ್ಲಿ ಸೊಂಟದೆತ್ತರಕ್ಕೆ ಎತ್ತಿ ನಿಧಾನ ಹಿಡಿತ ಸಡಿಲಿಸಿ. ಸ್ಪ್ರಿಂಗು ಚೆನ್ನಾಗಿದ್ದರೆ ಬಾಗಿಲು ಅಲ್ಲೇ ತೇಲಿಕೊಂಡು ನಿಲ್ಲುತ್ತೆ. ಧಡಕ್ಕನೆ ಇಳಿಯಲು ನೋಡಿದರೆ ಸ್ಪ್ರಿಂಗು ಸೋತಿದೆ. ಕಣ್ಣು, ಸ್ಪರ್ಶ ಎರಡೂ ಪಾಸಾಗಿ ಇದೊಂದು ಫೇಲಾದರೂ ಮೆಕ್ಯಾನಿಕ್ ಕರೆಸಿ.

ಆ ಕೆಂಪು ಹಗ್ಗದ ಬಗ್ಗೆ ಇನ್ನೊಂದು ಮಾತು. ಅದು ಕರೆಂಟ್ ಹೋದಾಗ, ಯಾರಾದರೂ ಸಿಕ್ಕಿಕೊಂಡಾಗ ಇರುವ ದಾರಿ. ಮಗು ಬಾಗಿಲಿನಡಿ ಸಿಕ್ಕರೆ ಮೊದಲು ಬಟನ್ ಒತ್ತಿ ಮೇಲೆ ಕಳಿಸಿ. ಹೋಗದಿದ್ದರೆ ಹಗ್ಗ ಎಳೆದು ಕೈಯಲ್ಲಿ ಎತ್ತಿ, ಇನ್ನೊಬ್ಬರು ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಲಿ. ಇದನ್ನು ಮನೆಯ ಎಲ್ಲ ದೊಡ್ಡವರೂ ಒಂದು ಸಲ ಕೈಯಾರೆ ಎಳೆದು ನೋಡಿರಬೇಕು. ಆದರೆ ಬಾಗಿಲು ತೆರೆದು ಮೇಲಿರುವಾಗ ಸುಮ್ನೆ ಎಳೆಯಬಾರದು. ಸ್ಪ್ರಿಂಗು ಮುರಿದಿದ್ದರೆ ನೂರು ಕೆಜಿ ಒಟ್ಟಿಗೇ ಕೆಳಗೆ ಬರುತ್ತೆ. ಮಕ್ಕಳಿಗೆ ಆ ಹಗ್ಗ ಎಟುಕದ ಎತ್ತರದಲ್ಲೇ ಇರುತ್ತೆ, ಆದರೆ ಕಾರಿನ ಬಾನೆಟ್ ಹತ್ತಿದರೆ ಎಟುಕುತ್ತೆ ಅನ್ನುವುದನ್ನು ನಮ್ಮವಳು ಪತ್ತೆ ಮಾಡಿದ್ದಾಳೆ.

2017ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚು ಬಂದಾಗ ಕರೆಂಟ್ ಹೋಗಿ, ಬಾಗಿಲು ತೆರೆಯಲಾಗದೆ ಕೆಲವರು ಮನೆಯಲ್ಲೇ ಸಿಕ್ಕಿಬಿದ್ದರು. ಅದಾದ ಮೇಲೆ ಆ ರಾಜ್ಯ, 2019ರ ಜುಲೈ 1ರಿಂದ ಮನೆಗಳಿಗೆ ಮಾರುವ ಓಪನರ್‌ಗಳಿಗೆ ಬ್ಯಾಟರಿ ಇರಲೇಬೇಕು ಅಂತ ಕಾನೂನು ಮಾಡಿತು. ಬೇರೆ ರಾಜ್ಯದಲ್ಲಿದ್ದರೂ ಹೊಸದು ತಗೊಳ್ಳುವಾಗ ಬ್ಯಾಟರಿ ಇರುವುದನ್ನೇ ನೋಡಿ.

ಬಟನ್, ರಿಮೋಟ್, ಅಜ್ಜ ಅಜ್ಜಿ

ಗೋಡೆಯ ಬಟನ್ ನೆಲದಿಂದ ಕನಿಷ್ಠ 5 ಅಡಿ ಎತ್ತರದಲ್ಲಿ, ಒತ್ತುವವರಿಗೆ ಬಾಗಿಲು ಪೂರ್ತಿ ಕಾಣುವ ಜಾಗದಲ್ಲಿರಬೇಕು. ಕೆಳಗೆ ಮೆಟ್ಟಿಲಿದ್ದರೆ ಮೆಟ್ಟಿಲಿನಿಂದ ಅಳೆಯಿರಿ. ಪಕ್ಕದಲ್ಲಿ ಸ್ಟೂಲ್, ಶೂ ರ‍್ಯಾಕ್ ಇಟ್ಟರೆ ಐದಡಿ ಇದ್ದೂ ಪ್ರಯೋಜನವಿಲ್ಲ. ರಿಮೋಟ್ ಮಕ್ಕಳ ಆಟಿಕೆ ಅಲ್ಲ, ಅಳುವ ಮಗುವಿಗೆ ಕಾರಿನಲ್ಲಿ ಅದನ್ನು ಕೊಟ್ಟು ಸಮಾಧಾನ ಮಾಡುವುದಂತೂ ಬೇಡವೇ ಬೇಡ. ಫೋನ್ ಆ್ಯಪಿನಿಂದ ಆಫೀಸಿನಲ್ಲಿ ಕೂತು ಬಾಗಿಲು ಮುಚ್ಚುವ ಸೌಕರ್ಯ ಈಗ ಇದೆ. ಅಂಥ ಓಪನರ್ ಇಳಿಯುವ ಮುನ್ನ ಕೆಲವು ಸೆಕೆಂಡು ಲೈಟು ಮಿಂಚಿಸಿ ಬೀಪ್ ಅನ್ನುತ್ತೆ. ಆ ಸದ್ದು ಕೇಳಿದರೆ ಬಾಗಿಲಿನಿಂದ ದೂರ ಸರಿ ಅಂತ ಮಕ್ಕಳಿಗೆ ಹೇಳಿಕೊಡಿ. ನಾನಂತೂ ಮಗಳು ಮನೆಯಲ್ಲಿದ್ದಾಗ ಆ್ಯಪಿನಿಂದ ಮುಚ್ಚುವುದಿಲ್ಲ.

ಇನ್ನೊಂದು, ಬಾಗಿಲಿನ ವಿಷಯವಲ್ಲದಿದ್ದರೂ ಅದೇ ಜಾಗದ್ದು. ಬಾಗಿಲು ತೆರೆದಿದೆಯಲ್ಲ ಅಂತ ಗ್ಯಾರೇಜಿನೊಳಗೆ ಕಾರು ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬೇಡಿ. ಕಾರಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಮನೆಯೊಳಗೆ ನುಗ್ಗುತ್ತೆ. ಕೀ ಇಲ್ಲದೆ ಬಟನ್ನಿನಿಂದ ಸ್ಟಾರ್ಟ್ ಆಗುವ ಕಾರುಗಳನ್ನು ಆಫ್ ಮಾಡಲು ಮರೆಯುವುದು ತೀರಾ ಸುಲಭ.

ಮಕ್ಕಳಿಗೆ ನಿಯಮ ಹೇಳಿದರೆ ಸಾಲದು, ಜಾಗ ತೋರಿಸಬೇಕು. ನಮ್ಮವಳು ಡ್ರೈವ್‌ವೇ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆಯುತ್ತಾಳೆ. ಮೊದಲು ಕೊನೆಯ ಮನೆ ಬಾಗಿಲಿನ ಅಂಚಿಗೇ ತಾಗುತ್ತಿತ್ತು. ಈಗ ಬಾಗಿಲಿಗೂ ಕೊನೆಯ ಮನೆಗೂ ನಡುವೆ ಒಂದು ಕಾರಿನಷ್ಟು ಜಾಗ. ಬಾಗಿಲು ಅಲ್ಲಾಡುತ್ತಿರುವಾಗ ಆ ಜಾಗಕ್ಕೆ ಕಾಲಿಟ್ಟರೆ ಔಟ್. ಈ ನಿಯಮವನ್ನು ಅವಳೇ ಮಾಡಿದ್ದು, ಹಾಗಾಗಿ ನಮ್ಮೆಲ್ಲರನ್ನೂ ಔಟ್ ಮಾಡುತ್ತಾಳೆ.

ಊರಿನಿಂದ ಬರುವ ಅಜ್ಜ ಅಜ್ಜಿಯರಿಗೂ ಗ್ಯಾಸ್ ಒಲೆ, ಥರ್ಮೋಸ್ಟಾಟ್ ತೋರಿಸುವ ದಿನವೇ ಇದನ್ನೂ ತೋರಿಸಿ. ದಾರ ಎಲ್ಲಿದೆ, ಅದಕ್ಕೆ ಏನು ಕಾಣುವುದಿಲ್ಲ, ಬಟನ್ ಹಿಡಿದುಕೊಂಡರೆ ಏನಾಗುತ್ತೆ. ಮಗು ಎಲ್ಲಿದೆ ಅಂತ ನೋಡಿ ಒತ್ತಿ, ಪೂರ್ತಿ ನೆಲ ಮುಟ್ಟುವ ತನಕ ಅಲ್ಲೇ ನಿಲ್ಲಿ. ಅಪ್ಪನಿಗೆ ಇದನ್ನು ಹೇಳಿಕೊಡಬೇಕಾದದ್ದು ನಾನು, ಬಂದ ಮೊದಲ ದಿನವೇ.

ಅಪ್ಪ ವಾಪಸ್ ಹೋಗುವ ಹೊತ್ತಿಗೆ ಮೊದಲ ಭಾನುವಾರದ ಪರೀಕ್ಷೆ ಅವರದೇ ಆಗಿತ್ತು. ಪೊರಕೆ ಹಿಡಿದು ನಿಲ್ಲುತ್ತಿದ್ದರು. ಊರಿಗೆ ಹೋದ ಮೇಲೆ ಒಂದು ದಿನ ಫೋನ್ ಮಾಡಿ, "ನಮ್ಮ ಗೇಟಿಗೆ ಏನು ಪರೀಕ್ಷೆ?" ಅಂದರು. ಹಾಸನದ ಮನೆಯದು ಕಬ್ಬಿಣದ ಸ್ಲೈಡಿಂಗ್ ಗೇಟು, ಕೈಯಲ್ಲಿ ತಳ್ಳುವಂಥದ್ದು. ಅಂಥ ಗೇಟು ಹಳಿ ತಪ್ಪಿ ಮಗುವಿನ ಮೇಲೆ ಬಿದ್ದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತೆ. ಅಲ್ಲಿಯೂ ಕಥೆ ಇದೇ, ಬೆರಳಲ್ಲಿ ತಳ್ಳಿದರೆ ಜಾರುತ್ತೆ, ತೂಕ ಮರೆತುಹೋಗುತ್ತೆ. ನೋಡಬೇಕಾದದ್ದು ಎರಡು. ಹಳಿಯ ಎರಡೂ ತುದಿಗೆ ಗೇಟು ಮುಂದೆ ಹೋಗದಂತೆ ತಡೆಯುವ ಸ್ಟಾಪರ್ ಇರಬೇಕು. ಮೇಲೆ, ಗೇಟು ವಾಲದಂತೆ ಹಿಡಿಯುವ ಗೈಡ್ ರೋಲರ್ ಗಟ್ಟಿಯಾಗಿರಬೇಕು. ಬೆಂಗಳೂರಿನ ಹೊಸ ಮನೆಗಳ ಹಾಗೆ ಗೇಟಿಗೆ ಮೋಟಾರು ಹಾಕಿಸುವುದಾದರೆ ಫೋಟೊಸೆಲ್, ಅಂದರೆ ಇಂಥದ್ದೇ ಬೆಳಕಿನ ಗೆರೆಯ ಕಣ್ಣು, ಜೊತೆಗೇ ಹಾಕಿಸಬೇಕು, ಅದು ಎಕ್ಸ್‌ಟ್ರಾ ಅಂತ ಬಿಡಬಾರದು.

ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಹೋದರು. ಗೇಟು ತಳ್ಳಿದ ಗರಗರ ಸದ್ದು ಕೇಳಿಸಿತು.

"ಈ ಕಡೆ ಸ್ಟಾಪರ್ ಇದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಕಡೆ ಇಲ್ಲ ಕಣೋ. ಹಳೇ ವೆಲ್ಡಿಂಗ್ ಗುರುತು ಮಾತ್ರ ಇದೆ."

ಗುರುವಾರ ವೆಲ್ಡಿಂಗ್‌ನವನು ಬರುತ್ತಾನಂತೆ. ಅಲ್ಲಿಯವರೆಗೆ ಹಳಿಯ ತುದಿಗೆ ಸೈಜುಗಲ್ಲು ಇಟ್ಟಿದ್ದಾರೆ, ಪಕ್ಕದ ಮನೆಯ ಮಕ್ಕಳಿಗೆ ಗೇಟಿನ ಹತ್ತಿರ ಬರಬೇಡಿ ಅಂದಿದ್ದಾರೆ.